ಮಕ್ಕಳ ಶಾಲೆ, ನಮ್ಮ ಕಾರು: ಪೆಟ್ರೋಲ್ ಖರ್ಚು ಹಂಚುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿಯಿಂದ 12 ಕಿಲೋಮೀಟರ್ ಒಳಗಿನ ಊರು. ಭಾವನವರ ಮನೆ ಪಕ್ಕದಲ್ಲೇ ಇದೆ. ನಮ್ಮ ಮಗ, ಭಾವನವರ ಇಬ್ಬರು ಮಕ್ಕಳು, ನಮ್ಮಲ್ಲೇ ಇದ್ದು ಓದುವ ನಾದಿನಿಯ ಮಗಳು, ನಾಲ್ವರನ್ನೂ ನಮ್ಮವರೇ ಕಾರಿನಲ್ಲಿ ಶಾಲೆಗೆ ಬಿಟ್ಟು ಕರೆತರುತ್ತಾರೆ. ಭಾವ ತಿಂಗಳಿಗೆ 1,500 ಕೊಡುತ್ತಾರೆ. ಜುಲೈನಲ್ಲಿ ಮಳೆ ರಜೆ ಬಂತೆಂದು ಅದರಲ್ಲೂ ಮುರಿದುಕೊಂಡರು. ನಾದಿನಿ ಏನೂ ಕೊಡುವುದಿಲ್ಲ. ಬಸ್ಸಿನಲ್ಲಾದರೆ ಇಷ್ಟು ಬೀಳುವುದಿಲ್ಲ ಎಂದು ಓರಗಿತ್ತಿಯ ಮಾತು. ಮನೆಯೊಳಗೆ ಎಂಥ ಲೆಕ್ಕ ಎಂದು ಅತ್ತೆ ಬೇಸರ ಮಾಡಿಕೊಳ್ಳುತ್ತಾರೆ. ಈಗ ಆಚೆಮನೆಯವರೂ ದುಡ್ಡು ಕೊಡುತ್ತೇವೆ, ನಮ್ಮ ಮಗುವನ್ನೂ ಕರೆದೊಯ್ಯಿರಿ ಎನ್ನುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅತ್ತೆಯವರ ಅಕ್ಕರೆ ಅರ್ಥವಾಗುತ್ತದೆ. ಆದರೆ ಲೆಕ್ಕ ಆಗಲೇ ನಡೆಯುತ್ತಿದೆಯಲ್ಲ! ಭಾವ ರಜೆಯ ದಿನ ಎಣಿಸಿದ್ದಾರೆ, ನೀವು ಪೆಟ್ರೋಲ್ ಬಿಲ್ಲು ಎಣಿಸಿದ್ದೀರಿ. ಎರಡನ್ನೂ ಒಂದೇ ಕಾಗದದ ಮೇಲೆ ತರಬೇಕು.

ಮೊದಲು ದೂರ. ಮಕ್ಕಳು ಕೂತು ಹೋಗಿ ಬರುವುದು 24 ಕಿಲೋಮೀಟರ್. ಕಾರು ಮಾತ್ರ ಬೆಳಿಗ್ಗೆ ಖಾಲಿ ವಾಪಸ್ ಬರುತ್ತದೆ, ಸಂಜೆ ಖಾಲಿ ಹೋಗುತ್ತದೆ. ದಿನಕ್ಕೆ 48 ಆಯಿತು. ಈ ಖಾಲಿ ಓಟ ಭಾವನವರ ಗಮನಕ್ಕೆ ಬಂದಿರಲಿಕ್ಕಿಲ್ಲ. ಇನ್ನು ಮೈಲೇಜು. ಶೋರೂಮಿನವರು ಹೇಳಿದ್ದನ್ನು ನಮ್ಮ ಏರು-ತಿರುವಿನ ರಸ್ತೆಗೆ ಹಿಡಿಯಬೇಡಿ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದಿಡಿ. ಮತ್ತೆ ಫುಲ್ ಮಾಡಿಸುವಾಗ ಎಷ್ಟು ಲೀಟರ್ ಹಿಡಿಯಿತೋ ಅದರಿಂದ ಓಡಿದ ದೂರವನ್ನು ಭಾಗಿಸಿ. 16 ಬಂತು ಅಂತಿಟ್ಟುಕೊಳ್ಳಿ. ದಿನಕ್ಕೆ 3 ಲೀಟರ್, ಸುಲಭಕ್ಕೆ ಲೀಟರಿಗೆ 100 ಹಿಡಿದರೆ 300 ರೂಪಾಯಿ. ಟಯರು, ಆಯಿಲ್, ಸರ್ವೀಸು, ಬ್ರೇಕ್ ಪ್ಯಾಡು ಎಂದು ಕಿಲೋಮೀಟರಿಗೆ 2 ರೂಪಾಯಿ ಸೇರಿಸಿ. ಹತ್ತಿರ ಹತ್ತಿರ 100. ಒಟ್ಟು 400, ತಲೆಗೆ 100. ಸಾಲದ ಕಂತು, ವಿಮೆ ಇದಕ್ಕೆ ಸೇರಿಸಬೇಡಿ. ಮಕ್ಕಳು ಹತ್ತದಿದ್ದರೂ ಅವನ್ನು ಕಟ್ಟಲೇಬೇಕಿತ್ತು.

ಪೆಟ್ರೋಲ್ ಉಳಿದ ಮೂರು ಮಕ್ಕಳ ಕಡೆಯವರದ್ದು, ಗಾಡಿಯ ಸವಕಳಿ ನಿಮ್ಮದು ಎಂದರೆ ಲೆಕ್ಕ ಸರಿಯಾಗಿ ಕೂರುತ್ತದೆ. ಭಾವನವರ ಪಾಲು ದಿನಕ್ಕೆ 200. 20 ದಿನ ಶಾಲೆ ನಡೆದರೆ 4,000. ಈಗ ಕೊಡುತ್ತಿರುವುದು ಅರ್ಧಕ್ಕೂ ಕಡಿಮೆ. ಆದರೆ ನಿಮ್ಮವರು ಸ್ವಂತ ಕೆಲಸಕ್ಕೆ ತೀರ್ಥಹಳ್ಳಿಗೆ ಹೋಗಿ, ಸಂಜೆ ಮಕ್ಕಳ ಜೊತೆಗೇ ಬರುವ ದಿನಗಳಿದ್ದರೆ ಆ ದಿನದ ದುಡ್ಡು ಕೇಳುವುದು ನ್ಯಾಯವಲ್ಲ. ಕಾರು ಹೇಗೂ ಹೋಗುತ್ತಿತ್ತು. ಇದನ್ನು ನೀವೇ ಮುಂದಾಗಿ ಹೇಳಿ, ಉಳಿದ ಮಾತಿಗೆ ತೂಕ ಬರುತ್ತದೆ.

ಮಳೆ ರಜೆಯ ವಿಷಯದಲ್ಲಿ ಭಾವ ಮಾಡಿದ್ದು ಸರಿ. ಜಿಲ್ಲಾಧಿಕಾರಿ ರಜೆ ಕೊಟ್ಟು ಕಾರು ಹೊರಡದಿದ್ದರೆ ಯಾರೂ ಕೊಡಬೇಕಿಲ್ಲ. ಒಂದು ಮಗು ಜ್ವರ ಬಂದು ಮನೆಯಲ್ಲಿ ಉಳಿದ ದಿನ ಹಾಗಲ್ಲ, ಕಾರು ಓಡಿದೆ, ಪಾಲು ಬೀಳಬೇಕು. ಕಾರು ಹೊರಟ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಲು ಮಕ್ಕಳಿಗೇ ಹೇಳಿ.

ಭಾವನವರದ್ದು ತೋಟದ ಆದಾಯವಾದರೆ ತಿಂಗಳು ತಿಂಗಳು 4,000 ತೆಗೆಯುವುದು ಕಷ್ಟ. 1,500 ಅನ್ನು ಮುಂಗಡವೆಂದು ಬರೆದುಕೊಳ್ಳಿ. ಕೊನೆಕೊಯ್ಲು (ಅಡಿಕೆ ಗೊನೆ ಇಳಿಸುವುದು) ಮುಗಿದು ಮಂಡಿಯಲ್ಲಿ ಅಡಿಕೆ ಮಾರಿದ ಮೇಲೆ ಬಾಕಿ ಚುಕ್ತಾ ಮಾಡಲಿ. ನಿಮ್ಮವರು ದಿನಾ ಸ್ಟೇರಿಂಗ್ ಹಿಡಿಯುವ ಶ್ರಮಕ್ಕೆ ಮಾತ್ರ ಬೆಲೆ ಕಟ್ಟಬೇಡಿ. ಅದಕ್ಕೆ ನಮ್ಮಲ್ಲಿ ಮುಯ್ಯಾಳು, ಅಂದರೆ ಕೆಲಸಕ್ಕೆ ಬದಲು ಕೆಲಸ, ಇದೆ: ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವಾಗ, ಕೊನೆ ತೆಗೆಯುವಾಗ ಭಾವ ನಿಮ್ಮ ತೋಟಕ್ಕೆ ಬರಲಿ. ಇಲ್ಲವೇ ಶನಿವಾರದ ಟ್ರಿಪ್ಪು ಅವರೇ ಮಾಡಲಿ.

ಓರಗಿತ್ತಿಯ ಮಾತನ್ನೂ ತಳ್ಳಿಹಾಕಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮೂರಿಗೆ ಯಾವುದು, ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಬಸ್ಸೇ ಸಾಕು ಎನಿಸಿದರೆ ಕಳಿಸಲಿ, ಮುನಿಸಿಕೊಳ್ಳಬೇಡಿ. ಶಾಲೆ ಶುರುವಾಗುವ ಮೊದಲೇ ಹೇಳಿದರೆ ಉಳಿದವರ ಪಾಲು ತಿದ್ದಿಕೊಳ್ಳಬಹುದು.

ನಾದಿನಿಯ ಮಗಳ ಊಟ-ತಿಂಡಿಗೆ ಲೆಕ್ಕ ಬೇಡವೇ ಬೇಡ. ಕಾರಿನ ಪಾಲು ಕೇಳಿ. ಆದರೆ ನೀವಲ್ಲ, ನಿಮ್ಮವರು ಕೇಳಲಿ. ಒಡಹುಟ್ಟಿದವರ ನಡುವೆ ಅದು ಸಹಜ ಮಾತು, ಅತ್ತಿಗೆಯ ಬಾಯಲ್ಲಿ ಬಂದರೆ ದೂರಾಗುತ್ತದೆ.

ಆಚೆಮನೆಯವರಿಗೆ ಆಗುವುದಿಲ್ಲ ಎಂದುಬಿಡಿ. ಐದು ಸೀಟಿನ ಕಾರಾದರೆ ಓಡಿಸುವವರೂ ಸೇರಿ ಆಗಲೇ ಭರ್ತಿ. 14 ವರ್ಷದೊಳಗಿನ ಮಗು ಸೀಟ್ ಬೆಲ್ಟ್ ಇಲ್ಲದೆ ಕೂತರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1,000 ರೂಪಾಯಿ ದಂಡ. ಅದಕ್ಕಿಂತ ದೊಡ್ಡ ಭಯ ವಿಮೆಯದು. ಮನೆಯವರು ಪೆಟ್ರೋಲ್ ಹಂಚಿಕೊಳ್ಳುವುದು ಬೇರೆ. ಹೊರಗಿನವರಿಂದ ತಿಂಗಳ ದುಡ್ಡು ಪಡೆದರೆ ಅದು ಬಾಡಿಗೆ ಓಡಿಸಿದಂತೆ. ಬಿಳಿ ಬೋರ್ಡಿನ ಕಾರಿಗೆ ಅದರ ಪರ್ಮಿಟ್ ಇಲ್ಲ, ಅಪಘಾತವಾದರೆ ವಿಮೆ ಕಂಪನಿ ಕ್ಲೇಮಿಗೆ ತಕರಾರು ತೆಗೆಯಬಹುದು. ಅಂಥ ಮಕ್ಕಳ ಮನೆಗಳೇ ಮೂರ್ನಾಲ್ಕು ಸೇರಿ ಹಳದಿ ಬೋರ್ಡಿನ ವ್ಯಾನ್ ಮಾತಾಡಿಕೊಳ್ಳಲಿ.