ಗುಂಪಿನ ಇಮೇಲ್‌ಗೆ ಉತ್ತರಿಸುವಾಗ ಹಳೇ ಪತ್ರವನ್ನು ಕತ್ತರಿಸಿ ಅನ್ನುವುದೇಕೆ?

ನೀವು ಯಾವ ಮಾತಿಗೆ ಉತ್ತರ ಕೊಡುತ್ತಿದ್ದೀರಿ ಅಂತ ಓದುವವರಿಗೆ ಹುಡುಕದೆ ತಿಳಿಯಲಿ ಅಂತ. ರಿಪ್ಲೈ ಒತ್ತಿದರೆ ಹಿಂದಿನ ಪತ್ರವೆಲ್ಲ ಬಾಲದಂತೆ ಅಂಟಿಕೊಳ್ಳುತ್ತದೆ. ಹತ್ತು ಜನ ಹಾಗೇ ಕಳಿಸಿದರೆ ಒಂದು ಸಾಲಿನ ಉತ್ತರಕ್ಕೆ ಹತ್ತು ಪತ್ರದ ಬಾಲ.

ಕನ್ನಡದಲ್ಲಿ ಬಾಲ ಇನ್ನೂ ಬೇಗ ಬೆಳೆಯುತ್ತದೆ. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರಕ್ಕೆ 1 ಬೈಟ್ (ಕಂಪ್ಯೂಟರಿನಲ್ಲಿ ಜಾಗದ ಅಳತೆ) ಸಾಕು. ನಮ್ಮ ವ್ಯಂಜನಕ್ಕೆ 3, ಅದರ ಮೇಲಿನ ಗುಣಿತಕ್ಕೆ ಮತ್ತೆ 3. 'ಕೋಲಾರ' ಅಂತ ಕನ್ನಡದಲ್ಲಿ ಬರೆದರೆ 15 ಬೈಟ್, ಇಂಗ್ಲಿಷಿನಲ್ಲಿ 5. ಪತ್ರ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಮಡಚಿಬಿಡುತ್ತದೆ.

ಟೊಮೆಟೊ ಬೆಳೆಗಾರರ ಗುಂಪಿನಲ್ಲಾದರೆ ಇಷ್ಟು ಉಳಿಸಿ, ಉತ್ತರ ಅದರ ಕೆಳಗೆ:

> ಮಂಡಿಗೆ ಗಾಡಿ ಎಷ್ಟು ಹೊತ್ತಿಗೆ?
ಬೆಳಿಗ್ಗೆ 5ಕ್ಕೆ. ಬಾಕ್ಸ್ ರಾತ್ರಿಯೇ ತುಂಬಿಡಿ.

ಸಹಿ, ಫೋನ್ ನಂಬರು, ಮಧ್ಯದ ಸರಣಿ ಎಲ್ಲ ತೆಗೆಯಿರಿ. ವಿಷಯ ಬದಲಾದರೆ ಹೊಸ ಪತ್ರವನ್ನೇ ಶುರು ಮಾಡಿ.

ಇನ್ನೊಂದು, ಇದು ನಮ್ಮಲ್ಲೇ ಹೆಚ್ಚು: 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪಿಸಿದ್ದನ್ನು ನೇರ ಅಂಟಿಸಬೇಡಿ. ಆ ಫಾಂಟ್ ಇಲ್ಲದವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆ. ಮೊದಲು ಯೂನಿಕೋಡ್‌ಗೆ, ಅಂದರೆ ಬೇರೆ ಬೇರೆ ಕಂಪ್ಯೂಟರ್, ಫೋನ್‌ಗಳು ಗುರುತಿಸುವ ಸಾಮಾನ್ಯ ಅಕ್ಷರ ಪದ್ಧತಿಗೆ, ಪರಿವರ್ತಿಸಿಕೊಳ್ಳಿ.