ಜಿಪಿಎ 2.7 ಇದ್ದರೂ ಫೈನಾನ್ಷಿಯಲ್ ಏಡ್ ಯಾಕೆ ನಿಂತಿತು, ಈಗ ಏನು ಮಾಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದ ಸ್ಟೇಟ್ ಯೂನಿವರ್ಸಿಟಿಯೊಂದರಲ್ಲಿ ಎರಡು ವರ್ಷ ಮುಗಿಸಿದ್ದೀರಿ, ಜಿಪಿಎ (ಗ್ರೇಡ್‌ಗಳ ಸರಾಸರಿ, 4ಕ್ಕೆ) 2.7 ಇದೆ. ಆದರೂ ‘ಸ್ಯಾಪ್ ಸಸ್ಪೆನ್ಷನ್’ ಅಂತ ಇಮೇಲ್ ಬಂದಿದೆ. ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟು (ಸಾಮಾನ್ಯವಾಗಿ ವಾಪಸ್ ಕೊಡಬೇಕಿಲ್ಲದ ಸಹಾಯಧನ), ಡೈರೆಕ್ಟ್ ಲೋನು (ಸಾಲ) ಎರಡೂ ನಿಂತಿವೆ. ಅಮ್ಮನ ಆಪರೇಷನ್ ಸಮಯದಲ್ಲಿ ಕೆಲವು ಕೋರ್ಸ್ ಬಿಡಬೇಕಾಯಿತು, ಅಪ್ಪ ಫೋನ್ ಮಾಡಿದರೆ ಆಫೀಸಿನವರು ಏನೂ ಹೇಳಲಿಲ್ಲ, ಒಂದು ಸೆಮಿಸ್ಟರ್ ಮನೆಯಲ್ಲಿದ್ದು ವಾಪಸ್ ಹೋದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಸರಿಹೋಗಲ್ಲ. ದಯವಿಟ್ಟು ಸುಮ್ನೆ ಬಿಡುವು ತೆಗೆದುಕೊಳ್ಳಬೇಡಿ. ನಾನು ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಇಮೇಲ್ ಹಿಡಿದುಕೊಂಡು ಬರುವ ಮಕ್ಕಳನ್ನು ಪ್ರತಿ ಸೆಮಿಸ್ಟರ್ ಕೊನೆಗೂ ನೋಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಕೈಮೀರಿದ ಕೇಸ್ ಅಲ್ಲವೇ ಅಲ್ಲ. ಆದರೆ ಮೊದಲು ಲೆಕ್ಕ ಅರ್ಥವಾಗಬೇಕು.

ಸ್ಯಾಪ್ ಅಂದರೆ ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್. ಫೆಡರಲ್ ಸರ್ಕಾರದ ದುಡ್ಡು ಪಡೆಯುವವರು ಡಿಗ್ರಿಯ ಕಡೆಗೆ ನಿಜವಾಗಿಯೂ ಮುಂದೆ ಹೋಗುತ್ತಿದ್ದಾರಾ ಅಂತ ಕಾಲೇಜು ನೋಡಲೇಬೇಕು, ಅದು ಕಾನೂನು. ಮೂರು ವಿಷಯ ನೋಡುತ್ತಾರೆ. ಒಂದು ಜಿಪಿಎ. ನಾಲ್ಕು ವರ್ಷದ ಡಿಗ್ರಿಯಲ್ಲಿ ಎರಡನೇ ವರ್ಷದ ಕೊನೆಗೆ ಸಾಮಾನ್ಯವಾಗಿ 2.0 ಬೇಕು. ಅದು ನಿಮಗೆ ಧಾರಾಳವಾಗಿ ಇದೆ. ಇನ್ನೊಂದು, ಡಿಗ್ರಿಗೆ ಗೊತ್ತುಪಡಿಸಿದ ಕ್ರೆಡಿಟ್‌ಗಳ ಒಂದೂವರೆ ಪಟ್ಟು ದಾಟುವುದರೊಳಗೆ ಓದು ಮುಗಿಯಬೇಕು. 120 ಕ್ರೆಡಿಟ್ಟಿನ ಡಿಗ್ರಿ ಆದರೆ 180ರ ಒಳಗೆ. ಮೂರನೆಯದೇ ನಿಮ್ಮನ್ನು ಹಿಡಿದಿರುವುದು. ಅದನ್ನು ಪೇಸ್ ಅನ್ನುತ್ತಾರೆ. ರಿಜಿಸ್ಟರ್ ಆದ ಕ್ರೆಡಿಟ್‌ಗಳಲ್ಲಿ ಪಾಸಾಗಿ ಮುಗಿಸಿದ್ದು ಶೇಕಡಾ ಎಷ್ಟು? ನಿಮ್ಮ ಇಮೇಲ್‌ನಲ್ಲಿ 67 ಅಂತ ಇದೆ ಅಂದಿರಿ. ಬಹಳ ಕಾಲೇಜುಗಳಲ್ಲಿ ಅಷ್ಟೇ. 180ರಲ್ಲಿ 120 ಅಂದರೆ ಮೂರರಲ್ಲಿ ಎರಡು ಪಾಲು. ಆ ವೇಗದಲ್ಲಿ ಹೋದರೆ ಮಾತ್ರ ಒಂದೂವರೆ ಪಟ್ಟಿನೊಳಗೆ ಮುಗಿಯುತ್ತದೆ. 67 ಬಂದಿದ್ದು ಅಲ್ಲಿಂದ.

ಈಗ ನಿಮ್ಮ ಅಂಕಿ ನೋಡೋಣ. ನಾಲ್ಕು ಸೆಮಿಸ್ಟರ್‌ನಲ್ಲಿ 60 ಕ್ರೆಡಿಟ್‌ಗೆ ರಿಜಿಸ್ಟರ್ ಆಗಿದ್ದೀರಿ. ಅದರಲ್ಲಿ ಐದು ಕೋರ್ಸ್ ಮಧ್ಯದಲ್ಲಿ ಬಿಟ್ಟು ಡಬ್ಲ್ಯೂ (ವಿತ್‌ಡ್ರಾ, ಅಂದರೆ ಕೋರ್ಸ್ ಬಿಟ್ಟ ಗುರುತು) ಬಂದಿದೆ. ಮೊದಲ ವರ್ಷದಲ್ಲಿ ಒಂದು ಎಫ್ (ಫೇಲ್), ಈ ಸ್ಪ್ರಿಂಗ್ ಸೆಮಿಸ್ಟರ್‌ನಲ್ಲಿ ಒಂದು ಇನ್‌ಕಂಪ್ಲೀಟ್ (ಕೆಲಸ ಬಾಕಿ ಇರುವುದರಿಂದ ಗ್ರೇಡ್ ಇನ್ನೂ ಬಂದಿಲ್ಲ). ಏಳೂ 3 ಕ್ರೆಡಿಟ್ಟಿನವು, ಒಟ್ಟು 21 ಹೋಯಿತು. ಉಳಿದಿದ್ದು 39. ಅಂದರೆ 60ಕ್ಕೆ 39, ಶೇಕಡಾ 65. ಎರಡು ಪಾಯಿಂಟ್ ಕಡಿಮೆ, ಅಷ್ಟೇ.

‘ಡಬ್ಲ್ಯೂ ತೆಗೆದುಕೋ, ಜಿಪಿಎ ಉಳಿಯುತ್ತೆ’ ಅಂತ ಸ್ನೇಹಿತರು ಹೇಳಿದರು ಅಂದಿರಿ. ಅವರು ಹೇಳಿದ್ದು ಸುಳ್ಳಲ್ಲ. ಜಿಪಿಎಗೆ ಡಬ್ಲ್ಯೂ ಲೆಕ್ಕಕ್ಕಿಲ್ಲ. ಪೇಸ್‌ಗೆ ಮಾತ್ರ ಅದು ಎಫ್‌ನಷ್ಟೇ ಭಾರ. ಸೆಮಿಸ್ಟರ್ ಶುರುವಾದ ಮೊದಲ ದಿನಗಳ ಆಡ್-ಡ್ರಾಪ್ ಅವಧಿಯಲ್ಲೇ ಬಿಟ್ಟಿದ್ದರೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ, ಅದು ನನಗೆ ನಿಜವಾಗಿ ಬೇಜಾರಿನ ವಿಷಯ. ವೆಬ್‌ಸೈಟಿನಲ್ಲಿ ಎಲ್ಲೋ ಇರುತ್ತದೆ. ಅಮ್ಮ ಆಸ್ಪತ್ರೆಯಲ್ಲಿರುವಾಗ ಅದನ್ನು ಯಾರು ಹುಡುಕಿಕೊಂಡು ಓದುತ್ತಾರೆ, ಅಲ್ವಾ?

ಈಗ ಮುಖ್ಯ ವಿಷಯ. ಆ ಇನ್‌ಕಂಪ್ಲೀಟ್ ನೋಡಿ. ನೀವು ಅದನ್ನು ಪ್ರಶ್ನೆಯಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಆದರೆ ನನ್ನ ಕಣ್ಣು ಅಲ್ಲೇ ನಿಂತಿತು. ಬಾಕಿ ಇರುವ ಪೇಪರ್ ಬರೆದು ಕೊಟ್ಟು ಪಾಸಾದರೆ 39 ಇದ್ದದ್ದು 42 ಆಗುತ್ತದೆ. 60 ಹಾಗೇ ಇರುತ್ತದೆ, ಯಾಕಂದರೆ ಆ ಕೋರ್ಸ್ ಅದರಲ್ಲಿ ಆಗಲೇ ಸೇರಿದೆ. 60ಕ್ಕೆ 42, ಶೇಕಡಾ 70. ಮೇಲ್ಮನವಿಯೇ ಬೇಡವಾಗಬಹುದು! ಇವತ್ತೇ ಆ ಪ್ರೊಫೆಸರ್‌ಗೆ ಬರೆಯಿರಿ. ಕೆಲಸ ಮುಗಿಸಲು ಕೊನೆಯ ದಿನ ಯಾವುದು, ಗ್ರೇಡ್ ಯಾವಾಗ ಹಾಕುತ್ತಾರೆ ಅಂತ ಕೇಳಿ. ಗ್ರೇಡ್ ಬದಲಾದ ಮೇಲೆ ಸ್ಯಾಪ್ ಮತ್ತೆ ಲೆಕ್ಕ ಹಾಕುತ್ತೀರಾ, ಅದಕ್ಕೆ ನಾನು ಅರ್ಜಿ ಕೊಡಬೇಕಾ ಅಂತ ಏಡ್ ಆಫೀಸಿಗೆ ಇನ್ನೊಂದು ಇಮೇಲ್ ಹಾಕಿ. ಬದಲಾವಣೆ ತಾನಾಗಿಯೇ ಅವರ ಗಮನಕ್ಕೆ ಬರುತ್ತದೆ ಅಂತ ನಂಬಿ ಕೂರಬೇಡಿ. ಗಡುವಿನೊಳಗೆ ಮುಗಿಸದಿದ್ದರೆ ಇನ್‌ಕಂಪ್ಲೀಟ್ ಸಾಮಾನ್ಯವಾಗಿ ಎಫ್ ಆಗಿಬಿಡುತ್ತದೆ, ಆಗ ಜಿಪಿಎಯೂ ಇಳಿಯುತ್ತದೆ.

ಇನ್ನೊಂದು ದಾರಿ ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ಕೋರ್ಸ್ ಮಾಡುವುದು. ನಿಮ್ಮ ಯೂನಿವರ್ಸಿಟಿ ಒಪ್ಪಿಕೊಂಡ ಟ್ರಾನ್ಸ್‌ಫರ್ ಕ್ರೆಡಿಟ್‌ಗಳು ರಿಜಿಸ್ಟರ್ ಆದದ್ದರಲ್ಲೂ ಸೇರುತ್ತವೆ, ಮುಗಿಸಿದ್ದರಲ್ಲೂ ಸೇರುತ್ತವೆ. 66ಕ್ಕೆ 45, ಶೇಕಡಾ 68 ದಾಟುತ್ತದೆ. ಆದರೆ ಆ ಫೀಸು ಕೈಯಿಂದ ಕಟ್ಟಬೇಕಾಗಬಹುದು. ಈ ಕ್ರೆಡಿಟ್ ಒಪ್ಪುತ್ತೇವೆ ಅಂತ ನಿಮ್ಮ ಅಡ್ವೈಸರ್ ಹತ್ತಿರ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಎಫ್ ಬಂದ ಕೋರ್ಸನ್ನು ಮತ್ತೆ ಓದಿದರೆ ಬಹಳ ಕಾಲೇಜುಗಳಲ್ಲಿ ಜಿಪಿಎ ಸುಧಾರಿಸುತ್ತದೆ, ಆದರೆ ಪೇಸ್‌ನಲ್ಲಿ ಹಳೆಯ 3 ಕ್ರೆಡಿಟ್ಟೂ ಉಳಿಯುತ್ತದೆ, ಹೊಸ ಮೂರೂ ಸೇರುತ್ತದೆ.

ಸುಮ್ನೆ ಮನೆಯಲ್ಲಿ ಕೂತರೆ ಶೇಕಡಾ 65 ಇದ್ದದ್ದು 65ರಲ್ಲೇ ಇರುತ್ತದೆ. ಅದಕ್ಕೇ ಬಿಡುವು ಬೇಡ ಅಂದಿದ್ದು. ಅದರ ಜೊತೆಗೆ, ಹಾಫ್ ಟೈಮ್‌ಗಿಂತ ಕಡಿಮೆ ಆದ ಕೂಡಲೇ ಈಗಾಗಲೇ ತೆಗೆದುಕೊಂಡಿರುವ ಡೈರೆಕ್ಟ್ ಲೋನ್‌ನ ಆರು ತಿಂಗಳ ಗ್ರೇಸ್ ಅವಧಿ (ಕಂತು ಕಟ್ಟಲು ಶುರು ಮಾಡುವ ಮುಂಚಿನ ಬಿಡುವು) ಓಡಲು ಶುರುವಾಗುತ್ತದೆ.

ಮೊದಲು ಎಚ್ಚರಿಕೆ ಕೊಡಬೇಕಿತ್ತಲ್ವಾ ಅಂತ ಕೇಳಿದ್ದೀರಿ. ಪ್ರತಿ ಸೆಮಿಸ್ಟರ್ ಕೊನೆಗೆ ಲೆಕ್ಕ ನೋಡುವ ಕಾಲೇಜುಗಳು ಒಂದು ಸೆಮಿಸ್ಟರ್ ‘ವಾರ್ನಿಂಗ್’ ಕೊಟ್ಟು ಏಡ್ ಮುಂದುವರಿಸಬಹುದು. ವರ್ಷಕ್ಕೊಮ್ಮೆ ಮಾತ್ರ ನೋಡುವ ಕಾಲೇಜಿಗೆ ಆ ಅವಕಾಶ ಇಲ್ಲ. ನಿಮ್ಮದು ಎರಡನೆಯ ಥರ ಇರಬೇಕು. ನೇರವಾಗಿ ಸಸ್ಪೆನ್ಷನ್ ಬಂದಿರುವುದು ಅದಕ್ಕೇ. ಇದರ ಅರ್ಥ ಕಾಲೇಜಿನಿಂದ ತೆಗೆದುಹಾಕಿದ್ದಾರೆ ಅಂತಲ್ಲ. ನಿಮ್ಮ ಸೀಟು, ಕ್ಲಾಸು ಹಾಗೇ ಇವೆ. ನಿಂತಿರುವುದು ದುಡ್ಡು ಮಾತ್ರ.

ದುಡ್ಡು ಮಾತ್ರ ಅಂದರೂ ಅದು ಚಿಕ್ಕದಲ್ಲ. 2025–26ರಲ್ಲಿ ಪೆಲ್ ಗ್ರಾಂಟ್ ಒಂದೇ ಗರಿಷ್ಠ 7,395 ಡಾಲರ್ ಇದೆ. ಹಾಗಾಗಿ ಇನ್‌ಕಂಪ್ಲೀಟ್ ಮುಗಿಸುವ ಹೊತ್ತಿಗೇ ಮೇಲ್ಮನವಿಯನ್ನೂ ಹಾಕಿಬಿಡಿ. ಒಂದಕ್ಕಾಗಿ ಇನ್ನೊಂದನ್ನು ಕಾಯಬೇಡಿ, ಫಾಲ್ ಅಂದರೆ ಮುಂದಿನ ಸೆಮಿಸ್ಟರ್‌ನ ಬಿಲ್ ಕಟ್ಟುವ ದಿನ ಯಾರಿಗೂ ಕಾಯುವುದಿಲ್ಲ.

ಮೇಲ್ಮನವಿಯಲ್ಲಿ ಎರಡೇ ಪ್ರಶ್ನೆ. ಯಾಕೆ ಹೀಗಾಯಿತು? ಈಗ ಏನು ಬದಲಾಗಿದೆ? ಹತ್ತಿರದವರ ಸಾವು, ನಿಮ್ಮದೇ ಕಾಯಿಲೆ ಅಥವಾ ಪೆಟ್ಟು, ಇಲ್ಲವೇ ಬೇರೆ ವಿಶೇಷ ಪರಿಸ್ಥಿತಿ ಇದ್ದರೆ ಪರಿಗಣಿಸಬಹುದು ಅಂತ ನಿಯಮ ಹೇಳುತ್ತದೆ. ಅಮ್ಮನ ಆಪರೇಷನ್, ಅವರನ್ನು ನೀವೇ ನೋಡಿಕೊಂಡಿದ್ದು ಈ ಮೂರನೆಯದಕ್ಕೆ ಬರುತ್ತದೆ.

ನಾನು ಓದುವ ಪತ್ರಗಳಲ್ಲಿ ಜಾಸ್ತಿ ಜನ ಮೊದಲ ಪ್ರಶ್ನೆಗೆ ಎರಡು ಪುಟ ಬರೆಯುತ್ತಾರೆ, ಎರಡನೆಯದಕ್ಕೆ ‘ಇನ್ನು ಮೇಲೆ ಚೆನ್ನಾಗಿ ಓದುತ್ತೇನೆ’ ಅಂತ ಒಂದು ಸಾಲು. ಆ ಒಂದು ಸಾಲಿಗೆ ಅನೇಕ ಪತ್ರ ಬಿದ್ದುಹೋಗುತ್ತವೆ. ಓದುವವರ ಮುಂದೆ ಪತ್ರದ ಪಕ್ಕದಲ್ಲೇ ನಿಮ್ಮ ಟ್ರಾನ್ಸ್‌ಕ್ರಿಪ್ಟ್ ಇರುತ್ತದೆ. ಅವರು ತಾರೀಕು ಹೊಂದುತ್ತದಾ ಅಂತ ನೋಡುತ್ತಾರೆ. ಹಾಗಾಗಿ ಹೀಗೆ ಬರೆಯಿರಿ: ‘ಅಕ್ಟೋಬರ್ ಎರಡನೇ ವಾರ ಅಮ್ಮನಿಗೆ ಆಪರೇಷನ್ ಆಯಿತು. ಡಿಸ್ಚಾರ್ಜ್ ಪತ್ರ ಲಗತ್ತಿಸಿದ್ದೇನೆ. ಮನೆಯಲ್ಲಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆ ಸೆಮಿಸ್ಟರ್‌ನಲ್ಲಿ ಮೂರು ಕೋರ್ಸ್ ಬಿಟ್ಟೆ, ಸ್ಪ್ರಿಂಗ್‌ನಲ್ಲಿ ಎರಡು. ಅಮ್ಮ ಈಗ ಕೆಲಸಕ್ಕೆ ಹೋಗುತ್ತಿದ್ದಾರೆ. ಫಾಲ್‌ನಲ್ಲಿ 15ರ ಬದಲು 12 ಕ್ರೆಡಿಟ್ ತೆಗೆದುಕೊಳ್ಳುತ್ತೇನೆ.’ ಇವು ನಾನು ಊಹಿಸಿದ ವಿವರ, ನಿಮ್ಮ ನಿಜವಾದ ತಾರೀಕು, ನಿಜವಾದ ಬದಲಾವಣೆ ಹಾಕಿ. ಅಮ್ಮ ಇನ್ನೂ ಪೂರ್ತಿ ಸುಧಾರಿಸಿಲ್ಲದಿದ್ದರೆ ಹಾಗೇ ಬರೆದು, ಕ್ಲಾಸಿನ ಹೊತ್ತಿನಲ್ಲಿ ಅವರ ಜೊತೆ ಯಾರು ಇರುತ್ತಾರೆ ಅಂತ ತಿಳಿಸಿ. ಉದ್ದನೆಯ ಕ್ಷಮಾಪಣೆ ಬೇಡ, ನೀವು ಯಾರಿಗೂ ಅನ್ಯಾಯ ಮಾಡಿಲ್ಲ.

ಮೊದಲ ವರ್ಷದ ಆ ಎಫ್ ಬಗ್ಗೆಯೂ ಒಂದೆರಡು ಸಾಲು ಇರಲಿ. ಅದು ಆಪರೇಷನ್‌ಗಿಂತ ಮುಂಚಿನದು. ನೀವು ಮಾತೆತ್ತದಿದ್ದರೆ ಓದುವವರ ಮನಸ್ಸಿನಲ್ಲಿ ಅದೇ ಉಳಿಯುತ್ತದೆ. ಅಡ್ವೈಸರ್ ಜೊತೆ ಕೂತು ಮುಂದಿನ ಸೆಮಿಸ್ಟರ್‌ಗಳ ಪ್ಲ್ಯಾನ್ ಮಾಡಿಸಿ, ಅದನ್ನೂ ಲಗತ್ತಿಸಿ.

ಒಪ್ಪಿಗೆ ಸಿಕ್ಕರೆ ‘ಪ್ರೊಬೇಷನ್’ ಮೇಲೆ ಒಂದು ಸೆಮಿಸ್ಟರ್ ಏಡ್ ಬರುತ್ತದೆ, ಇಲ್ಲವೇ ಒಂದು ಅಕಾಡೆಮಿಕ್ ಪ್ಲ್ಯಾನ್‌ಗೆ ಕಟ್ಟಿಹಾಕುತ್ತಾರೆ. ಇನ್‌ಕಂಪ್ಲೀಟ್ ಬಿಟ್ಟುಬಿಡಿ, ಬರೀ 12 ಕ್ರೆಡಿಟ್ ಪೂರ್ತಿ ಪಾಸಾದರೂ 72ಕ್ಕೆ 51, ಶೇಕಡಾ 70 ದಾಟಿತು. ಅದರಲ್ಲಿ ಒಂದೇ ಒಂದು ಕೋರ್ಸ್ ಬಿಟ್ಟರೆ 72ಕ್ಕೆ 48, ಅಂದರೆ 66.67. ಕೆಲವು ಕಾಲೇಜುಗಳ ಗೆರೆ 66.67, ಕೆಲವರದು ಸರಿಯಾಗಿ 67. ನಿಮ್ಮದು 67. ಅಲ್ಲಿಗೆ ಮತ್ತೆ ಸಸ್ಪೆನ್ಷನ್. ಆದ್ದರಿಂದ ಆ ಸೆಮಿಸ್ಟರ್‌ನಲ್ಲಿ ಯಾವ ಕೋರ್ಸ್ ಬಿಡುವ ಮುಂಚೆಯೂ ಏಡ್ ಆಫೀಸಿಗೆ ಹೋಗಿ ಕೇಳಿ. ಎಲ್ಲ ಕೋರ್ಸನ್ನೂ ಒಟ್ಟಿಗೆ ಬಿಡುವ ಪರಿಸ್ಥಿತಿ ಬಂದರಂತೂ ಇನ್ನೂ ಜಾಗ್ರತೆ. ಸೆಮಿಸ್ಟರ್‌ನ ಶೇಕಡಾ 60 ಕಳೆಯುವ ಮುಂಚೆ ಪೂರ್ತಿ ಬಿಟ್ಟರೆ ಬಂದ ಏಡ್‌ನಲ್ಲಿ ಒಂದು ಭಾಗ ವಾಪಸ್ ಹೋಗುತ್ತದೆ, ಬಿಲ್ ನಿಮ್ಮ ತಲೆಗೆ ಬರುತ್ತದೆ.

ಮೇಲ್ಮನವಿಯಲ್ಲಿ ಕಾಲೇಜಿನ ತೀರ್ಮಾನವೇ ಕೊನೆ. ಅದರ ಮೇಲೆ ಫೆಡರಲ್ ಶಿಕ್ಷಣ ಇಲಾಖೆಗೆ ಹೋಗಲು ಬರುವುದಿಲ್ಲ. ಹಾಗಾಗಿ ಮೊದಲ ಪತ್ರವನ್ನೇ ಪುರಾವೆ ಸಮೇತ ಗಟ್ಟಿಯಾಗಿ ಕೊಡಿ. ಉತ್ತರ ಬರುವವರೆಗೆ ಬಿಲ್ ಆಫೀಸಿನಲ್ಲಿ ಪೇಮೆಂಟ್ ಪ್ಲ್ಯಾನ್ ಕೇಳಿ, ಕ್ಲಾಸ್‌ಗಳು ರದ್ದಾಗದಂತೆ ನೋಡಿಕೊಳ್ಳಿ. ಪ್ರೈವೇಟ್ ಲೋನ್ ಕೊಡುವವರಲ್ಲಿ ಕೆಲವರು ಸ್ಯಾಪ್ ಕೇಳುವುದಿಲ್ಲ, ಆದರೆ ಉತ್ತರ ಬರುವ ಮುಂಚೆ ಅದಕ್ಕೆ ಕೈಹಾಕಬೇಡಿ. ರಾಜ್ಯದ ಗ್ರಾಂಟ್‌ಗಳಿಗೂ ಕಾಲೇಜಿನ ಸ್ಕಾಲರ್‌ಶಿಪ್‌ಗಳಿಗೂ ಬೇರೆ ನಿಯಮ ಇರಬಹುದು. ಉದಾಹರಣೆಗೆ ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್‌ಗೆ 3.0 ಜಿಪಿಎ ಬೇಕು. ನಿಮಗೆ ಅಂಥದ್ದು ಏನಾದರೂ ಬರುತ್ತಿದ್ದರೆ ಬೇರೆಯಾಗಿ ವಿಚಾರಿಸಿ.

ಅಪ್ಪನ ವಿಷಯ: ಆಫೀಸಿನವರು ಮಾತಾಡದೇ ಇದ್ದದ್ದು ಅಹಂಕಾರಕ್ಕಲ್ಲ. 1974ರ ಫರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ಅಪ್ಪನಿಗೂ ಮಾಹಿತಿ ಕೊಡಿ ಅಂತ ನೀವು ಒಪ್ಪಿಗೆ ಫಾರ್ಮ್‌ಗೆ ಸಹಿ ಹಾಕಿಕೊಟ್ಟರೆ ಅವರ ಜೊತೆ ಮಾತಾಡುತ್ತಾರೆ. ಅವರಿಗೆ ಗಾಬರಿಯಾಗಿರುತ್ತದೆ, ಈ 60ಕ್ಕೆ 39ರ ಲೆಕ್ಕವನ್ನು ಅವರಿಗೂ ಬರೆದು ತೋರಿಸಿ.

ಎಫ್-1 ವೀಸಾದಲ್ಲಿ ಓದುತ್ತಿರುವ ಬೇರೆ ಯಾರಾದರೂ ಇದನ್ನು ಓದುತ್ತಿದ್ದರೆ: ನಿಮಗೆ ಫೆಡರಲ್ ಏಡ್ ಇರುವುದಿಲ್ಲ, ಹಾಗಾಗಿ ಈ ಲೆಕ್ಕ ನಿಮಗಲ್ಲ. ಕೋರ್ಸ್ ಬಿಡುವ ಮುಂಚೆ ನೀವು ಕೇಳಬೇಕಾದದ್ದು ಇಂಟರ್‌ನ್ಯಾಷನಲ್ ಆಫೀಸಿನವರನ್ನು.

ಮೇಲ್ಮನವಿ ಕೊಡಲು ಕೊನೆಯ ದಿನ ಯಾವುದು ಅಂತ ನೀವು ಬರೆದಿಲ್ಲ. ಇಮೇಲ್‌ನಲ್ಲಿ ಅಥವಾ ಸ್ಟೂಡೆಂಟ್ ಪೋರ್ಟಲ್‌ನಲ್ಲಿ ಇರುತ್ತದೆ, ನೋಡಿ. ಪತ್ರ ಬರೆದ ಮೇಲೆ ಹೆಸರು, ಐಡಿ ತೆಗೆದು ಕೆಳಗೆ ಹಾಕಿದರೆ ಓದಿ, ಎಲ್ಲಿ ಏನು ಸೇರಿಸಬೇಕು ಅಂತ ಹೇಳುತ್ತೇನೆ.