ಆಟದಂಗಳದ ಪ್ರಶ್ನೋತ್ತರ: 44 ದಿನದ ಮ್ಯಾನೇಜರ್

ಪ್ರಶ್ನೆ: ಸರ್, ಫುಟ್‌ಬಾಲ್ ಮ್ಯಾನೇಜರ್ ಬ್ರಯಾನ್ ಕ್ಲಫ್ ಅವರನ್ನು ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ 44 ದಿನಕ್ಕೇ ಮನೆಗೆ ಕಳಿಸಿತಂತೆ. ಅದೇ ಮನುಷ್ಯ ಆಮೇಲೆ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟ್ರೋಫಿ ಯುರೋಪಿಯನ್ ಕಪ್ ಅನ್ನು ಎರಡು ಸಲ ಗೆದ್ದರಂತೆ. ಲೀಡ್ಸ್ ಆಟಗಾರರು ಬೇಕಂತಲೇ ಕೈಕೊಟ್ಟರಾ?
– ಓದುಗರು, ದಾವಣಗೆರೆ

ಉತ್ತರ: ಆಟಗಾರರಿಗೆ ಅವರು ಬೇಡವಾಗಿದ್ದರು, ನಿಜ. ಆದರೆ ಮೊದಲು ಕೆಡಿಸಿಕೊಂಡವರು ಕ್ಲಫ್ ಅವರೇ. 1974ರ ಜುಲೈ ಕೊನೆಗೆ ಅವರು ಬಂದಾಗ ಲೀಡ್ಸ್ ಇಂಗ್ಲೆಂಡಿನ ಲೀಗ್ ಚಾಂಪಿಯನ್. ಆ ತಂಡ ಕಟ್ಟಿದವರು ಹಿಂದಿನ ಮ್ಯಾನೇಜರ್ ಡಾನ್ ರೆವಿ. ಕ್ಲಫ್ ಡರ್ಬಿ ಕೌಂಟಿಯಲ್ಲಿದ್ದಾಗ ಇದೇ ತಂಡವನ್ನು ಒರಟರು, ಮೋಸದ ಆಟದವರು ಅಂತ ಎಲ್ಲರೆದುರೇ ಬೈದಿದ್ದರು. ಬಂದ ಮೇಲಾದರೂ ನಾಲಿಗೆ ಹಿಡಿದುಕೊಂಡರಾ? ಇಲ್ಲ. ಗೆದ್ದ ಪದಕಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಒಂದೂ ನ್ಯಾಯವಾಗಿ ಗೆದ್ದಿದ್ದಲ್ಲ ಎಂದರು ಅಂತ ಆ ಆಟಗಾರರೇ ಹೇಳಿದ್ದಾರೆ. ಗಾಯದ ಮೇಲೆ ಗಾಯ ಮಾಡಿಕೊಂಡಿದ್ದ ಲೀಡ್ಸ್ ಆಟಗಾರ ಎಡ್ಡಿ ಗ್ರೇಗೆ, ನೀನು ರೇಸ್ ಕುದುರೆಯಾಗಿದ್ದರೆ ಯಾವತ್ತೋ ಗುಂಡು ಹೊಡೆದಿರುತ್ತಿದ್ದರು ಎಂದರಂತೆ.

ನನಗೆ ತುಂಬಾ ಬೇಜಾರಾಗುವುದು ಈ ಮಾತಿಗೆ. ಕ್ಲಫ್ ಅವರ ಸ್ವಂತ ಆಟವನ್ನು ಮುಗಿಸಿದ್ದೂ ಗಾಯವೇ ಅಲ್ವಾ! 1962ರ ಕ್ರಿಸ್‌ಮಸ್ ಮರುದಿನ ಸಂಡರ್‌ಲ್ಯಾಂಡ್ ಪರ ಆಡುವಾಗ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಮೊಣಕಾಲು ಹೋಯಿತು. ಆಗ ಅವರಿಗೆ 27 ವರ್ಷ. 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದ ಆಟಗಾರ. ಆ ಸಂಕಟ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಲೀಡ್ಸ್‌ನಲ್ಲಿ ಆರು ಲೀಗ್ ಪಂದ್ಯ, ಒಂದೇ ಗೆಲುವು. ಸೆಪ್ಟೆಂಬರ್ 12ಕ್ಕೆ ಕೆಲಸ ಹೋಯಿತು. ಅದೇ ಸಂಜೆ ಟಿವಿ ಸ್ಟುಡಿಯೋದಲ್ಲಿ ರೆವಿ ಪಕ್ಕ ಕೂತು ವಾದ ಮಾಡಿದರು!

ಪ್ರಶ್ನೆ: ಹಾಗಾದರೆ ಆ ಎರಡು ಕಪ್ ಗೆದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬಿನಲ್ಲಿ ಕ್ಲಫ್ ಬದಲಾದರಾ?
– ಓದುಗರು, ಮಡಿಕೇರಿ

ಉತ್ತರ: ಬಾಯಿ ಬದಲಾಗಲಿಲ್ಲ. ಆದರೆ ಅವರ ಹಳೆಯ ಸಹಾಯಕ ಪೀಟರ್ ಟೇಲರ್ ವಾಪಸ್ ಬಂದರು. ನನ್ನ ಪ್ರಕಾರ ಕ್ಲಫ್ ಕಥೆಯ ಕೀಲಿ ಇರುವುದೇ ಇಲ್ಲಿ. ಹಾರ್ಟಲ್‌ಪೂಲ್, ಡರ್ಬಿ, ಆಮೇಲೆ ಬ್ರೈಟನ್ ಕ್ಲಬ್‌ಗಳಲ್ಲಿ ಇಬ್ಬರೂ ಜೋಡಿ. ಆಟಗಾರರನ್ನು ಹುಡುಕಿ ತರುವ ಕಣ್ಣು ಟೇಲರ್ ಅವರದು. ದುಡುಕುವ ಗೆಳೆಯನನ್ನು ನಗಿಸಿ ತಣ್ಣಗೆ ಮಾಡುವುದೂ ಅವರಿಗೇ ಗೊತ್ತಿತ್ತು. 1972ರಲ್ಲಿ ಡರ್ಬಿ ಲೀಗ್ ಗೆದ್ದದ್ದು ಇಬ್ಬರಿಂದ. ಲೀಡ್ಸ್‌ಗೆ ಮಾತ್ರ ಟೇಲರ್ ಹೋಗಲಿಲ್ಲ, ಬ್ರೈಟನ್‌ನಲ್ಲೇ ಉಳಿದರು.

1975ರ ಜನವರಿಯಲ್ಲಿ ಕ್ಲಫ್ ಹಿಡಿದಾಗ ಫಾರೆಸ್ಟ್ ಎರಡನೇ ಡಿವಿಷನ್‌ನಲ್ಲಿತ್ತು. 1976ರಲ್ಲಿ ಟೇಲರ್ ಸೇರಿಕೊಂಡರು. 1977ಕ್ಕೆ ಮೇಲಿನ ಡಿವಿಷನ್, 1978ಕ್ಕೆ ಲೀಗ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್! ಎರಡೂ ಸಲ ಕಪ್ ಎತ್ತಿದ ನಾಯಕ ಜಾನ್ ಮೆಕ್‌ಗವರ್ನ್. ಲೀಡ್ಸ್‌ಗೂ ಕ್ಲಫ್ ಕರೆದುಕೊಂಡು ಹೋಗಿದ್ದ ಇದೇ ಹುಡುಗನನ್ನು ಅಲ್ಲಿಯ ಪ್ರೇಕ್ಷಕರು ಗೇಲಿ ಮಾಡಿ ಕೂಗಿದ್ದರು. ಆ ಕಪ್ ಎತ್ತುವ ಚಿತ್ರ ನೋಡಿದಾಗಲೆಲ್ಲ ನನಗೆ ಖುಷಿ ಉಕ್ಕುತ್ತದೆ.

1982ರಲ್ಲಿ ಟೇಲರ್ ಫಾರೆಸ್ಟ್ ಬಿಟ್ಟರು. ಮರುವರ್ಷ ಡರ್ಬಿಯ ಮ್ಯಾನೇಜರ್ ಆಗಿ ಫಾರೆಸ್ಟ್ ಆಟಗಾರ ಜಾನ್ ರಾಬರ್ಟ್‌ಸನ್ ಅವರನ್ನು ಅಲ್ಲಿಗೆ ಸೇರಿಸಿಕೊಂಡಿದ್ದಕ್ಕೆ ಗೆಳೆಯರ ಮಾತು ನಿಂತಿತು. 1990ರಲ್ಲಿ ಟೇಲರ್ ತೀರಿಕೊಂಡರು, ರಾಜಿ ಆಗಲೇ ಇಲ್ಲ. ಫಾರೆಸ್ಟ್ 1989, 1990ರಲ್ಲಿ ಲೀಗ್ ಕಪ್ ಎಂಬ ಬೇರೆ ಟೂರ್ನಿ ಗೆದ್ದಿತು, ಸರಿ. ಆದರೆ ಲೀಗ್ ಆಗಲಿ, ಯುರೋಪ್ ಆಗಲಿ ಮತ್ತೆ ಕೈಗೆ ಬರಲಿಲ್ಲ. ಕುಡಿತ ಜಾಸ್ತಿಯಾಯಿತು. 1993ರಲ್ಲಿ ತಂಡ ಕೆಳಗಿನ ಡಿವಿಷನ್‌ಗೆ ಇಳಿಯಿತು, ಕ್ಲಫ್ ನಿವೃತ್ತರಾದರು.

ಪ್ರಶ್ನೆ: ಅಷ್ಟು ದೊಡ್ಡ ಮ್ಯಾನೇಜರ್‌ರನ್ನು ಬರೀ ವಿವಾದಕ್ಕೆ ಅಳೆಯುವುದು ಸರಿಯೇ?
– ಓದುಗರು, ಧಾರವಾಡ

ಉತ್ತರ: ಕೆಲವನ್ನು ನಾನೂ ಬಿಟ್ಟುಬಿಡುತ್ತೇನೆ. 1989ರಲ್ಲಿ ಮೈದಾನಕ್ಕೆ ನುಗ್ಗಿದ ಪ್ರೇಕ್ಷಕರಿಗೆ ಹೊಡೆದು 5,000 ಪೌಂಡ್ ದಂಡ ಕಟ್ಟಿದರು. ಆ ಗದ್ದಲದಲ್ಲಿ ಕೈ ಎದ್ದಿತು ಅನ್ನಬಹುದು. ಫಾರೆಸ್ಟ್ ಆಟಗಾರ ಜಸ್ಟಿನ್ ಫಾಶಾನು ವಿಷಯದಲ್ಲಿ ಹಾಗೆ ಬಿಡಲು ನನ್ನಿಂದ ಆಗದು. 1981ರಲ್ಲಿ 10 ಲಕ್ಷ ಪೌಂಡ್ ಕೊಟ್ಟು ತಂದ ಹುಡುಗ ಅವನು. ಸಲಿಂಗಿಗಳ ಕ್ಲಬ್ಬಿಗೆ ಹೋಗುತ್ತಾನೆ ಅಂತ ಸುದ್ದಿ ಕಿವಿಗೆ ಬಿದ್ದಿದ್ದೇ ತಡ, ಕ್ಲಫ್ ಅವನನ್ನು ಹೀನಾಯವಾಗಿ ಬೈದರು. ಅಭ್ಯಾಸಕ್ಕೆ ಬರಬೇಡ ಎಂದರು. ಬಂದಾಗ ಹೊರಗೆ ಕಳಿಸಲು ಪೊಲೀಸರನ್ನೇ ಕರೆಸಿದರು. ಅದು ದುಡುಕಲ್ಲ, ಕ್ರೌರ್ಯ. ಎರಡು ಯುರೋಪಿಯನ್ ಕಪ್ ಇದೆ ಅಂತ ಅದನ್ನು ಮುಚ್ಚಿಡಬೇಕಾಗಿಲ್ಲ.